ಅವನಿಗೆ ಈಗ್ಲೇ ಹೇಳ್ಬೇಡಿ

ವಲಸೆ ಹೋದವರ ಸಿನಿಮಾಗಳನ್ನು ನಾನು ಹುಡುಕಿ ಹುಡುಕಿ ನೋಡುತ್ತೇನೆ. ಚೀನಾದಿಂದ ಹೋದವರು, ಕೊರಿಯಾದಿಂದ ಹೋದವರು, ಕಲ್ಕತ್ತಾದಿಂದ ಹೋದವರು. ಯಾವ ದೇಶದ ಕಥೆಯಾದರೂ ಒಂದು ವಿಷಯ ನನ್ನನ್ನು ಬಿಡದೆ ಕಾಡುತ್ತದೆ. ಕ್ಯಾಮೆರಾ ಯಾವಾಗಲೂ ಹೋದವರ ಜೊತೆಗೇ ಹೋಗುತ್ತದೆ. ನನ್ನ ಕಣ್ಣು ಮಾತ್ರ ಊರಲ್ಲಿ ಉಳಿದವರ ಮೇಲಿರುತ್ತದೆ. ಲುಲು ವಾಂಗ್ ಅವರ 'ದಿ ಫೇರ್‌ವೆಲ್' ನೋಡಿದವರಿಗೆ ಕೊನೆಯ ಟ್ಯಾಕ್ಸಿ ದೃಶ್ಯ ನೆನಪಿರುತ್ತದೆ. ಮೊಮ್ಮಗಳು ಬಿಲ್ಲಿ ಅಪ್ಪ ಅಮ್ಮನ ಜೊತೆ ಕೂತಿದ್ದಾಳೆ, ಅಜ್ಜಿ ರಸ್ತೆಯಲ್ಲಿ ನಿಂತು ಕೈ ಬೀಸುತ್ತಿದ್ದಾಳೆ. ಗಾಡಿ ಮುಂದೆ ಹೋದಷ್ಟೂ ಅಜ್ಜಿ ಸಣ್ಣವಳಾಗುತ್ತಾ ಹೋಗುತ್ತಾಳೆ. ಆಮೇಲೆ ನ್ಯೂಯಾರ್ಕ್ ಬರುತ್ತದೆ, ಬಿಲ್ಲಿ ಬೀದಿಯಲ್ಲಿ ನಡೆಯುತ್ತಾಳೆ. ನಾನು ಆ ಹೊತ್ತಿಗೆ ಇನ್ನೂ ಚೀನಾದ ಚಾಂಗ್‌ಚುನ್‌ನ ಆ ರಸ್ತೆಯಲ್ಲೇ ಇರುತ್ತೇನೆ. ಎಲ್ಲರೂ ಹೋದ ಮೇಲೆ ಅಜ್ಜಿ ಮನೆ ಒಳಗೆ ಬಂದು ಏನು ಮಾಡಿದಳು? ಹಾಸಿಗೆಗಳನ್ನು ಯಾರು ಮಡಿಸಿದರು? ಉಳಿದ ಅಡುಗೆ ಏನಾಯಿತು? ಇವು ಸಿನಿಮಾದ ಪ್ರಶ್ನೆಗಳಲ್ಲ ಅಂತ ಗೊತ್ತು. ಆದರೂ ನನಗೆ ಅವೇ ಬರುತ್ತವೆ.

ಯಾಕೆ ಅಂದರೆ ನಾನು ಉಳಿದವಳು. ನನ್ನ ಓರಗೆಯ ದಾಯಾದಿಗಳಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಹೊರಟರು. ಮೊದಲು ಬೆಂಗಳೂರು, ಆಮೇಲೆ ಅಮೆರಿಕ, ಕೆಲವರು ಜರ್ಮನಿ. ನಾನು ಶಿವಮೊಗ್ಗದಲ್ಲೇ ಇದ್ದೇನೆ. ಹೋದವರ ಮನೆಯ ಕೀಲಿ ನನ್ನ ಹತ್ತಿರ ಇದೆ, ಅವರ ಅಪ್ಪ ಅಮ್ಮಂದಿರ ಮಾತ್ರೆ ಚೀಟಿ ನನ್ನ ಫೋನಿನಲ್ಲಿದೆ. ವಲಸೆಯ ಸಿನಿಮಾಗಳ ಬಗ್ಗೆ ಬರೆಯುವವರೆಲ್ಲ "ನಾನು ಯಾರು, ನನ್ನ ಊರು ಯಾವುದು" ಎಂಬ ಪ್ರಶ್ನೆಯಿಂದ ಶುರುಮಾಡುತ್ತಾರೆ. ಅದು ಹೋದವರ ಪ್ರಶ್ನೆ, ದೊಡ್ಡ ಪ್ರಶ್ನೆಯೇ. ಆದರೆ ಮನೆಯೊಂದು ಎರಡು ದೇಶಗಳಲ್ಲಿ ಹಂಚಿಹೋದಾಗ ಈ ಕಡೆ ಉಳಿದ ಅರ್ಧಕ್ಕೂ ಒಂದು ಕಥೆ ಇರುತ್ತದೆ. ಒಳ್ಳೆಯ ಸಿನಿಮಾಗಳಲ್ಲಿ ಅದು ಎಲ್ಲೋ ಒಂದು ಮೂಲೆಯಲ್ಲಿ ಕಾಣಿಸುತ್ತದೆ. ಆ ಮೂಲೆಯನ್ನು ನೋಡುವುದಕ್ಕೇ ನಾನು ಇವನ್ನೆಲ್ಲ ನೋಡುವುದು.

ಫೋನಿನ ಎರಡು ತುದಿ

'ದಿ ಫೇರ್‌ವೆಲ್' ಶುರುವಾಗುವುದೇ ಒಂದು ಫೋನ್ ಕರೆಯಿಂದ. ಅಜ್ಜಿ ಚೀನಾದಲ್ಲಿ, ಬಿಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ. ಚಳಿ ಅಲ್ವಾ, ಟೋಪಿ ಹಾಕಿಕೊಂಡಿದ್ದೀಯಾ ಅಂತ ಅಜ್ಜಿ ಕೇಳುತ್ತಾಳೆ. ಹಾಕಿಕೊಂಡಿದ್ದೀನಿ ಅನ್ನುತ್ತಾಳೆ ಬಿಲ್ಲಿ. ತಲೆ ಮೇಲೆ ಟೋಪಿ ಇಲ್ಲ. ಅಜ್ಜಿ ಕೂತಿರುವುದು ಆಸ್ಪತ್ರೆಯಲ್ಲಿ. ಹಿಂದೆ ಏನೋ ಸದ್ದು ಕೇಳುತ್ತಿದೆಯಲ್ಲ ಅಂದರೆ, ತಂಗಿ ಮನೆಗೆ ಬಂದಿದ್ದೀನಿ ಅನ್ನುತ್ತಾಳೆ. ದೊಡ್ಡ ಸುಳ್ಳು ಇನ್ನೂ ಬಂದೇ ಇಲ್ಲ. ಅಜ್ಜಿಗೆ ಕ್ಯಾನ್ಸರ್ ಎಂಬ ಸುದ್ದಿ, ಅದನ್ನು ಅವಳಿಂದ ಮುಚ್ಚಿಡಲು ಮೊಮ್ಮಗನ ಮದುವೆಯ ನೆಪ, ಎಲ್ಲರೂ ಬಂದು ಸೇರುವುದು, ಎಲ್ಲ ಆಮೇಲೆ. ಅದಕ್ಕೆ ಮುಂಚೆಯೇ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಯಾಗಿದೆ. ಇಬ್ಬರಿಗೂ ಅದು ದಿನದ ಅಭ್ಯಾಸ.

ಮೀರಾ ನಾಯರ್ ಅವರ 'ದಿ ನೇಮ್‌ಸೇಕ್'ನಲ್ಲೂ ಇಂಥದೇ ಒಂದು ಕರೆ ಇದೆ. ಇರ್ಫಾನ್ ಖಾನ್ ಮಾಡಿದ ಅಶೋಕ್ ಪಾಠ ಮಾಡಲು ಒಹಾಯೋಗೆ ಹೋಗಿದ್ದಾನೆ. ಹೊಟ್ಟೆನೋವು, ತೋರಿಸಿಕೊಂಡು ಬರೋಣ ಅಂತ ಆಸ್ಪತ್ರೆಗೆ ಬಂದೆ ಅಂತ ಹೆಂಡತಿಗೆ ಫೋನ್ ಮಾಡುತ್ತಾನೆ. ದೊಡ್ಡ ವಿಷಯವೇ ಅಲ್ಲ ಎಂಬ ಧಾಟಿ. ಮುಂದಿನ ಕರೆಯಲ್ಲಿ ಅವನಿಲ್ಲ. ಒಬ್ಬಳೇ ಇರುವ ಮನೆಯಿಂದ ಟಬು ಬರಿಗಾಲಲ್ಲಿ ಅಂಗಳಕ್ಕೆ ಇಳಿಯುವುದನ್ನು ಮರೆಯಲು ನನಗೆ ಇವತ್ತಿಗೂ ಆಗಿಲ್ಲ. 2006ರ ಸಿನಿಮಾ ಅದು. ಆಗಿನ್ನೂ ವಾಟ್ಸಾಪ್ ಇರಲಿಲ್ಲ. ಮುಖ ಕಾಣದ ಫೋನಿನಲ್ಲಿ ಸುಳ್ಳು ಹೇಳುವುದು ಸುಲಭ ಇತ್ತು ಅಂದುಕೊಳ್ಳಬಹುದು. ಮುಖ ಕಾಣುವ ಫೋನಿನಲ್ಲೂ ಅಷ್ಟೇ ಸುಲಭ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

2023ರ ಜನವರಿಯಲ್ಲಿ ನನ್ನ ದೊಡ್ಡಮ್ಮ ಹಿತ್ತಲಿನಲ್ಲಿ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಅವರಿಗೆ ಒಬ್ಬನೇ ಮಗ, ಡಲ್ಲಾಸ್‌ನಲ್ಲಿ ಇದ್ದಾನೆ. ಅಣ್ಣ ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತಾನೆ. ಅಲ್ಲಿ ಆಗ ಶನಿವಾರ ರಾತ್ರಿ. ಆಪರೇಷನ್ ಆದ ಮೇಲಿನ ಭಾನುವಾರ ನಾನು ವಾರ್ಡಿನಲ್ಲೇ ಇದ್ದೆ. ಫೋನ್ ಬಡಿದುಕೊಂಡ ಕೂಡಲೇ ದೊಡ್ಡಮ್ಮ ನನ್ನ ಕಡೆ ನೋಡಿದರು. "ಅವನಿಗೆ ಈಗ್ಲೇ ಹೇಳ್ಬೇಡ. ಅಲ್ಲಿ ಗಾಬರಿ ಬೀಳ್ತಾನೆ." ಆಮೇಲೆ ಅವರು ಮಾಡಿದ್ದನ್ನು ನೋಡುತ್ತಾ ನಿಂತೆ. ಕೈಗೆ ಚುಚ್ಚಿದ್ದ ಸೂಜಿಯನ್ನು ಸೆರಗಿನ ಒಳಗೆ ತೆಗೆದುಕೊಂಡರು. ಕೂದಲು ಸವರಿಕೊಂಡರು. ಕನ್ನಡಕ ಕೊಡು ಅಂದರು. ದಿಂಬು ಕಾಣಬಾರದು ಅಂತ ಫೋನನ್ನು ಮೂಗಿನ ಹತ್ತಿರ ಹಿಡಿಯಲು ಹೇಳಿದರು. ಹಿಡಿದೆ. ಪರದೆ ತುಂಬ ಅವರ ಮುಖ, ಹಿಂದೆ ಏನೂ ಕಾಣದು. ಯಾಕಮ್ಮ ಇಷ್ಟು ಹತ್ತಿರ ಅಂದ ಅಣ್ಣ. ಕಣ್ಣು ಸರಿಯಾಗಿ ಕಾಣಲ್ಲಪ್ಪ ಅಂದರು. ಅಷ್ಟರಲ್ಲಿ ಕಾರಿಡಾರಿನ ಮೈಕಿನಲ್ಲಿ ಯಾರದೋ ಹೆಸರು ಕೂಗಿದರು. ಅದೇನು ಸದ್ದು ಅಂದ. ದೊಡ್ಡಮ್ಮ ಒಂದು ಕ್ಷಣವೂ ತಡ ಮಾಡಲಿಲ್ಲ. "ಪಕ್ಕದ ಮನೇಲಿ ಟೀವಿ ಜೋರು."

ನಾನು ಫೋನ್ ಹಿಡಿದುಕೊಂಡು ನಿಂತಿದ್ದೆ. ನನಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಅದೇ ತಿಂಗಳು ಅಣ್ಣನ ಕೆಲಸ ಹೋಗಿತ್ತು. ಎಚ್-1ಬಿ, ಅಂದರೆ ಅಮೆರಿಕದ ಕೆಲಸದ ವೀಸಾ ಇರುವವರಿಗೆ, ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಸಿಗಬೇಕು, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಅದೂ ಆಗದಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದೇಶ ಬಿಡಬೇಕು. ಅವನು ನನಗೆ ಮಾತ್ರ ಹೇಳಿದ್ದ. ಹೇಳಿ, "ಅಮ್ಮನಿಗೆ ಈಗ್ಲೇ ಹೇಳ್ಬೇಡ" ಅಂದಿದ್ದ. ಆ ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ಆಫೀಸಿನಲ್ಲಿ ಕೆಲಸ ಜಾಸ್ತಿ ಅಮ್ಮ ಅಂದ. ಊಟ ಮಾಡಿದ್ಯಾ ಅಂದರು ದೊಡ್ಡಮ್ಮ. ಮಾಡಿದೆ ಅಂದ. ನಡು ಮಧ್ಯೆ ನಾನು. ಎರಡು ಕಡೆಯದೂ ನನ್ನೊಬ್ಬಳ ಹತ್ತಿರ ಇತ್ತು.

ಅಜ್ಜಿಯ ತಂಗಿ

'ದಿ ಫೇರ್‌ವೆಲ್' ಬಗ್ಗೆ ಮಾತಾಡುವವರು ಬಿಲ್ಲಿಯ ಬಗ್ಗೆ ಮಾತಾಡುತ್ತಾರೆ, ಅಜ್ಜಿಯ ಬಗ್ಗೆ ಮಾತಾಡುತ್ತಾರೆ. ಬಿಲ್ಲಿಯ ಪಾತ್ರ ಮಾಡಿದ ಆಕ್ವಾಫಿನಾಗೆ 2020ರಲ್ಲಿ ಗೋಲ್ಡನ್ ಗ್ಲೋಬ್ ಬಂತು. ಅಜ್ಜಿಯಾಗಿ ಝಾವೋ ಶುಝೆನ್ ಅವರನ್ನು ಎಲ್ಲರೂ ಹೊಗಳಿದರು, ಹೊಗಳಬೇಕಾದ್ದೇ. ನನಗೆ ಆ ಸಿನಿಮಾ ಅಂದರೆ ಅಜ್ಜಿಯ ತಂಗಿ. ಆಸ್ಪತ್ರೆಯಲ್ಲಿ ಡಾಕ್ಟರ ಮಾತು ಮೊದಲು ಕೇಳುವವಳು ಅವಳು. ಹೊರಗೆ ಬಂದು ಅಕ್ಕನ ಮುಖ ನೋಡಿ, ಏನೂ ಇಲ್ಲ, ಬರೀ ನೆರಳು, ಕೆಟ್ಟದ್ದಲ್ಲ ಅಂತ ಹೇಳುವವಳೂ ಅವಳೇ. ಮಕ್ಕಳಿಗೆ ಸುದ್ದಿ ಮುಟ್ಟಿಸುವವಳು ಅವಳು. ಮಕ್ಕಳು ಜಪಾನಿನಿಂದ, ಅಮೆರಿಕದಿಂದ ಹಾರಿ ಬರುತ್ತಾರೆ, ಅಳುತ್ತಾರೆ, ವಾದ ಮಾಡುತ್ತಾರೆ, ಕುಡಿಯುತ್ತಾರೆ, ವಾಪಸ್ ಹೋಗುತ್ತಾರೆ. ಅವಳು ಇರುತ್ತಾಳೆ.

ಆ ಪಾತ್ರ ಮಾಡಿರುವವರು ಲು ಹಾಂಗ್. ಲುಲು ವಾಂಗ್ ಅವರ ಅಜ್ಜಿಯ ನಿಜವಾದ ತಂಗಿ. ಇದು ಗೊತ್ತಾದ ಮೇಲೆ ನಾನು ಸಿನಿಮಾವನ್ನು ಮತ್ತೆ ಮೊದಲಿಂದ ನೋಡಿದೆ. ಈ ಕಥೆ ಲುಲು ವಾಂಗ್ ಅವರ ಮನೆಯಲ್ಲಿ ನಡೆದದ್ದೇ. 2016ರಲ್ಲಿ ಅವರು ಅದನ್ನು 'ದಿಸ್ ಅಮೆರಿಕನ್ ಲೈಫ್' ಎಂಬ ರೇಡಿಯೋ ಕಾರ್ಯಕ್ರಮದಲ್ಲಿ ಹೇಳಿದ್ದರು, ಆಮೇಲೆ ಸಿನಿಮಾ ಆಯಿತು. ಚಿತ್ರೀಕರಣ ನಡೆದದ್ದು ಅಜ್ಜಿ ಇರುವ ಚಾಂಗ್‌ಚುನ್ ಊರಲ್ಲೇ. ಸಿನಿಮಾದ ನಿಜವಾದ ವಿಷಯ ಏನು ಅಂತ ಅಜ್ಜಿಗೆ ಆಗಲೂ ಹೇಳಿರಲಿಲ್ಲ. ಅಂದರೆ ತಂಗಿ ಏನು ಮಾಡಿದರು ನೋಡಿ. ವರ್ಷಗಳ ಕಾಲ ಅಕ್ಕನ ಮುಂದೆ ನಿಜವಾಗಿ ಆಡಿದ ಮಾತನ್ನು ಕ್ಯಾಮೆರಾ ಮುಂದೆ ಮತ್ತೆ ಆಡಿದರು. ಶೂಟಿಂಗ್ ಮುಗಿಸಿ ಅಕ್ಕನನ್ನು ಕಂಡಾಗಲೂ ಅದೇ ಸುಳ್ಳನ್ನು ಕಾಪಾಡಬೇಕು. ನಟನೆಯ ತರಬೇತಿ ಯಾಕೆ ಬೇಕು ಅಂಥವರಿಗೆ? ಅವರ ಮುಖದಲ್ಲಿ ಒಂದು ದಣಿವಿದೆ, ಅದನ್ನು ಯಾವ ನಿರ್ದೇಶಕರೂ ಹೇಳಿಕೊಡಲು ಆಗುವುದಿಲ್ಲ.

ಬಿಲ್ಲಿಯ ದೊಡ್ಡಪ್ಪ ಒಂದು ಕಡೆ ಅವಳಿಗೆ ಬುದ್ಧಿ ಹೇಳುತ್ತಾನೆ. ನೀವು ಪಶ್ಚಿಮದವರು ಜೀವ ನನ್ನೊಬ್ಬನದು ಅಂದುಕೊಳ್ಳುತ್ತೀರಿ, ಪೂರ್ವದಲ್ಲಿ ಒಬ್ಬರ ಜೀವ ಇಡೀ ಕುಟುಂಬದ್ದು, ಅದಕ್ಕೇ ಈ ಭಾರವನ್ನು ನಾವು ಹೊರುತ್ತೇವೆ ಎಂಬ ಅರ್ಥದ ಮಾತು. ವಿಮರ್ಶೆಗಳಲ್ಲಿ ಈ ಮಾತನ್ನು ಜಾಸ್ತಿ ಎತ್ತಿ ಆಡಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೇಳಿದವನು ಯಾರು ನೋಡಿ. ಎಷ್ಟೋ ವರ್ಷಗಳಿಂದ ಜಪಾನಿನಲ್ಲಿ ಸಂಸಾರ ಮಾಡಿಕೊಂಡಿರುವವನು. ಭಾರ ಹೊತ್ತವಳು ತಂಗಿ. ಅವಳು ಪೂರ್ವ ಪಶ್ಚಿಮ ಅಂತ ಒಂದು ಸಲವೂ ಮಾತೆತ್ತುವುದಿಲ್ಲ. ಆಸ್ಪತ್ರೆಯ ರಿಪೋರ್ಟು ಅಜ್ಜಿಯ ಕೈಗೆ ಸಿಗುತ್ತದೆ ಅಂತಾದಾಗ ಮನೆಯವರು ಓಡಿ ಹೋಗಿ ಅದನ್ನು ಹಿಡಿದು, ಪ್ರಿಂಟ್ ಹಾಕುವ ಅಂಗಡಿಯಲ್ಲಿ ಅಕ್ಷರ ಬದಲಿಸಿ ತರುತ್ತಾರಲ್ಲ, ನನ್ನ ಮಟ್ಟಿಗೆ ಕುಟುಂಬ ಅಂದರೆ ಏನು ಅಂತ ಆ ಅಂಗಡಿಯ ದೃಶ್ಯ ಹೇಳಿದಷ್ಟು ಆ ಭಾಷಣ ಹೇಳುವುದಿಲ್ಲ. ಅಲ್ಲಿ ತತ್ತ್ವ ಇಲ್ಲ. ಅಕ್ಷರದ ಸೈಜು ಸರಿ ಇದೆಯಾ, ಅಜ್ಜಿಗೆ ಅನುಮಾನ ಬರುತ್ತಾ ಎಂಬ ಯೋಚನೆ ಅಷ್ಟೇ.

ಇಲ್ಲಿಂದ ಅಲ್ಲಿಗೆ ಹೋದ ಅಜ್ಜಿಯರು

ಉಳಿದವರೂ ಕೆಲವು ಸಲ ಹೋಗುತ್ತಾರೆ. ನಮ್ಮ ಕಡೆ ಬಾಣಂತನಕ್ಕೆ ಹೋಗುತ್ತಾರೆ. ಮಗಳೋ ಸೊಸೆಯೋ ಹೆರಿಗೆಗೆ ಇದ್ದಾಳೆ ಅಂದರೆ ಅಮ್ಮಂದಿರು ಆರು ತಿಂಗಳ ಮಟ್ಟಿಗೆ ಹೊರಡುತ್ತಾರೆ. 23 ಕೆಜಿಯ ಸೂಟ್‌ಕೇಸನ್ನು ಮನೆಯ ತಕ್ಕಡಿ ಮೇಲೆ ಇಟ್ಟು ತೆಗೆದು ಇಟ್ಟು ತೆಗೆದು, ಕೊನೆಗೆ ತಮ್ಮ ಸೀರೆಗಳನ್ನು ಹೊರಗೆ ಹಾಕಿ ಸಾರಿನ ಪುಡಿ ಒಳಗೆ ಹಾಕುತ್ತಾರೆ. ದೊಡ್ಡಮ್ಮ ಹೋಗುವಾಗ ಅಂಟಿನುಂಡೆ, ಬಾಳಕದ ಮೆಣಸಿನಕಾಯಿ, ಮೆಂತ್ಯದ ಹಿಟ್ಟು, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟವಳು ನಾನೇ. ಉಪ್ಪಿನಕಾಯಿ ಡಬ್ಬಿಗೆ ಎಷ್ಟು ಸುತ್ತು ಪ್ಲಾಸ್ಟಿಕ್ ಸುತ್ತಿದರೂ ಅವರಿಗೆ ಸಮಾಧಾನ ಇರಲಿಲ್ಲ.

ಹಾಗಾಗಿ ಲೀ ಐಸಾಕ್ ಚುಂಗ್ ಅವರ 'ಮಿನಾರಿ'ಯಲ್ಲಿ ಅಜ್ಜಿ ಸೂನ್‌ಜಾ ಅರ್ಕನ್ಸಾದ ಆ ಚಕ್ರದ ಮನೆಗೆ ಬಂದು ಗಂಟು ಬಿಚ್ಚಿದಾಗ ನನಗೆ ಏನೂ ವಿವರಿಸಬೇಕಾಗಲಿಲ್ಲ. ಮೆಣಸಿನ ಪುಡಿ ಬರುತ್ತದೆ, ಒಣಗಿಸಿದ ಸಣ್ಣ ಮೀನು ಬರುತ್ತದೆ, ಮಗಳು ಮೋನಿಕಾ ಅದನ್ನು ನೋಡಿ ಅತ್ತುಬಿಡುತ್ತಾಳೆ. ಮೊಮ್ಮಗ ಡೇವಿಡ್ ಮಾತ್ರ ಅಜ್ಜಿಯ ಹತ್ತಿರ ಹೋಗುವುದಿಲ್ಲ. ಅಜ್ಜಿ ಹತ್ತಿರ ಕೊರಿಯಾದ ವಾಸನೆ ಬರುತ್ತದೆ ಅನ್ನುತ್ತಾನೆ. ಅವನು ಕೊರಿಯಾ ನೋಡೇ ಇಲ್ಲ. ಡಲ್ಲಾಸ್‌ನಲ್ಲಿ ಅಣ್ಣನ ದೊಡ್ಡ ಮಗಳು ಮೊದಲ ವಾರಗಳಲ್ಲಿ ದೊಡ್ಡಮ್ಮನ ತೊಡೆ ಮೇಲೆ ಕೂರುತ್ತಿರಲಿಲ್ಲವಂತೆ. ತಲೆಗೆ ಹಚ್ಚಿದ ಎಣ್ಣೆ ಅವಳಿಗೆ ಸೇರುತ್ತಿರಲಿಲ್ಲ. ದೊಡ್ಡಮ್ಮ ಎಣ್ಣೆ ಹಚ್ಚುವುದನ್ನೇ ಬಿಟ್ಟರು. ವಾಪಸ್ ಬಂದ ಮೇಲೆ ನನಗೆ ಇದನ್ನು ಹೇಳಿದ್ದು ದೂರಿನ ಹಾಗಲ್ಲ, ಸುಮ್ನೆ ಒಂದು ಸುದ್ದಿಯ ಹಾಗೆ. ಕೇಳಿ ನನಗೆ ಸಂಕಟವಾಯಿತು.

ಸೂನ್‌ಜಾ ಬಿಡುವವಳಲ್ಲ. ಇಸ್ಪೀಟಿನಂಥ ಆಟ ಕಲಿಸುತ್ತಾಳೆ, ಬೈಯುತ್ತಾಳೆ, ಹೊಳೆಯಂಚಿಗೆ ಕರೆದುಕೊಂಡು ಹೋಗಿ ಮಿನಾರಿ ಎಂಬ ಕೊರಿಯಾದ ಸೊಪ್ಪಿನ ಬೀಜ ಬಿತ್ತುತ್ತಾಳೆ. ಯೂನ್ ಯು-ಜಂಗ್ ಅವರಿಗೆ 2021ರಲ್ಲಿ ಈ ಪಾತ್ರಕ್ಕೆ ಆಸ್ಕರ್ ಬಂತು, ನಟನೆಗೆ ಆಸ್ಕರ್ ಪಡೆದ ಮೊದಲ ಕೊರಿಯನ್ ಅವರು. ನನಗೆ ಮುಖ್ಯವಾದದ್ದು ಲಕ್ವ ಹೊಡೆದ ಮೇಲಿನ ಭಾಗ. ಕೈ ಸ್ವಾಧೀನದಲ್ಲಿಲ್ಲ, ಆದರೂ ಮನೆಗೆ ಉಪಯೋಗ ಆಗಬೇಕು. ಕಸ ಸುಡಲು ಹೋಗಿ ಕೊಟ್ಟಿಗೆಗೆ ಬೆಂಕಿ ಹತ್ತುತ್ತದೆ, ಅಳಿಯನ ಬೆಳೆಯೆಲ್ಲ ಹೋಗುತ್ತದೆ. ಅವಳು ಮನೆಗೆ ಬೆನ್ನು ಹಾಕಿ ಕತ್ತಲಲ್ಲಿ ನಡೆಯತೊಡಗುತ್ತಾಳೆ. ಎಲ್ಲಿಗೆ ಹೋಗುತ್ತಾಳೆ? ಆ ದೇಶದಲ್ಲಿ ಅವಳಿಗೆ ಆ ಮನೆ ಬಿಟ್ಟರೆ ಇನ್ನೊಂದು ಬಾಗಿಲು ಗೊತ್ತಿಲ್ಲ. ಓಡಬಾರದು ಅಂತ ಹೇಳಿಸಿಕೊಂಡೇ ಬೆಳೆದ ಹೃದಯ ಕಾಯಿಲೆಯ ಹುಡುಗ ಓಡಿಹೋಗಿ ಅವಳ ಮುಂದೆ ನಿಲ್ಲುತ್ತಾನೆ. ಮಕ್ಕಳ ಮನೆಗೆ ಭಾರವಾದೆ ಅಂತ ನಮ್ಮ ಹಿರಿಯರಿಗೆ ಅನ್ನಿಸುವ ಗಳಿಗೆ ಯಾವುದು ಎಂದು ಕೇಳಿದರೆ ನಾನು ಈ ದೃಶ್ಯ ತೋರಿಸುತ್ತೇನೆ.

ಮೆಟ್ಟಿಲು ಹತ್ತದವನು

ಸೆಲೀನ್ ಸಾಂಗ್ ಅವರ 'ಪಾಸ್ಟ್ ಲೈವ್ಸ್' ಉಳಿದವನೊಬ್ಬನಿಗೆ ಪೂರ್ತಿ ಪಾತ್ರ ಕೊಟ್ಟ ಸಿನಿಮಾ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಓಣಿಯೊಂದರಲ್ಲಿ ಶಾಲೆ ಮುಗಿಸಿ ಬರುವ ಇಬ್ಬರು ಮಕ್ಕಳು. ಹುಡುಗಿಯ ದಾರಿ ಮೆಟ್ಟಿಲು ಹತ್ತಿ ಹೋಗುತ್ತದೆ, ಹುಡುಗನ ದಾರಿ ಹಾಗೇ ನೇರ. ಅವಳ ಮನೆಯವರು ಕೆನಡಾಗೆ ಹೊರಟಿದ್ದಾರೆ. 12 ವರ್ಷ ಆದಮೇಲೆ ಸ್ಕೈಪ್‌ನಲ್ಲಿ ಸಿಗುತ್ತಾರೆ, ಅವಳಿಗೆ ನ್ಯೂಯಾರ್ಕಿನ ಬದುಕು ಕಟ್ಟಿಕೊಳ್ಳಬೇಕು ಅಂತ ನಿಲ್ಲಿಸುತ್ತಾಳೆ. ಇನ್ನೂ 12 ವರ್ಷಕ್ಕೆ ಅವನೇ ನೋಡಲು ಬರುತ್ತಾನೆ. ಅವನು ಇನ್ನೂ ಅಪ್ಪ ಅಮ್ಮನ ಜೊತೆಗೇ ಇದ್ದಾನೆ, ಪಕ್ಕಾ ಕೊರಿಯನ್ ಅಂತ ಅವಳು ಗಂಡನಿಗೆ ಹೇಳುತ್ತಾಳೆ. ಅವಳ ದನಿಯಲ್ಲಿ ಬೆರಗು ಇದೆ. ಉಳಿದವರನ್ನು ಹೋದವರು ನೋಡುವುದು ಹಾಗೇ, ಕಾಲ ನಿಂತುಹೋದ ಜಾಗ ಎಂಬಂತೆ. ಅವನಿಗೂ ಅಲ್ಲಿ ಸೈನ್ಯ, ಕೆಲಸ, ಪ್ರೀತಿ, ಮುರಿದ ಪ್ರೀತಿ ಎಲ್ಲ ಆಗಿದೆ. ಅವನ ಕಾಲ ಏನೂ ನಿಂತಿಲ್ಲ.

ಕನ್ನಡದಲ್ಲಿ ಈ ಮಾತು ಬಂದಾಗ ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ' ನೆನಪಾಗದೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಅಡಿಗರ 'ಯಾವ ಮೋಹನ ಮುರಳಿ ಕರೆಯಿತು' ಹಲವರಿಗೆ ಪರಿಚಯ ಆದದ್ದೇ ಆ ಸಿನಿಮಾದಿಂದ. ಅಲ್ಲಿ ಊರಲ್ಲಿ ಉಳಿದವನು ರಮೇಶ್ ಅರವಿಂದ್ ಮಾಡಿದ ಸೂರ್ಯ. ನನಗೆ ಆ ಸಿನಿಮಾ ತುಂಬ ಇಷ್ಟ, ಆದರೆ ಸೂರ್ಯನ ಬಗ್ಗೆ ಒಂದು ಕೊರಗು ಇದೆ. ಅವನಿಗೆ ಮಣ್ಣಿನ ಹೆಮ್ಮೆ ಇದೆ, ಆದರ್ಶ ಇದೆ, ಆಯಾಸ ಇಲ್ಲ. ಉಳಿಯುವುದು ಅಂದರೆ ಒಂದು ಸಲ ತೆಗೆದುಕೊಂಡ ನಿರ್ಧಾರ ಎಂಬಂತೆ ಕಾಣುತ್ತದೆ. ಉಳಿಯುವುದು ದಿನಾ ಮಾಡುವ ಕೆಲಸ. ಪಿಂಚಣಿಗೆ ಜೀವಂತ ಇದ್ದೇನೆ ಅಂತ ಸಹಿ ಹಾಕಿಸಲು ಕರೆದುಕೊಂಡು ಹೋಗುವುದು, ರಾತ್ರಿ ಎರಡು ಗಂಟೆಗೆ ಆಟೋ ಹುಡುಕುವುದು. ಅದನ್ನು ತೋರಿಸುವ ಕನ್ನಡ ಸಿನಿಮಾ ಬೇಕು ನನಗೆ.

ಒಟ್ಟಿಗೆ ಕೂತು ನೋಡಿದ್ದು

ಅಣ್ಣನಿಗೆ ಗಡುವಿನ ಒಳಗೆ ಕೆಲಸ ಸಿಕ್ಕಿತು. ದೊಡ್ಡಮ್ಮ ವಾಕರ್ ಹಿಡಿದು ಓಡಾಡುವಂತಾದರು. ಮಾರನೇ ವರ್ಷ ಅವನು ಊರಿಗೆ ಬಂದಾಗ ವಾಕರ್ ಮುಚ್ಚಿಡಲು ಆಗುವುದಿಲ್ಲವಲ್ಲ, ಎಲ್ಲ ಹೊರಗೆ ಬಂತು. ಆ ದಿನಗಳಲ್ಲೇ ಒಂದು ಸಂಜೆ ಮೂವರೂ ಕೂತು 'ದಿ ಫೇರ್‌ವೆಲ್' ನೋಡಿದೆವು. ದೊಡ್ಡಮ್ಮನಿಗೆ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವರಿಗೆ ಅರ್ಥವಾಗದ್ದು ಕಡಿಮೆ. ಟೋಪಿಯ ಮಾತು ಬಂದಾಗ ನಗುತ್ತಾ ಅಣ್ಣನ ಕಡೆ ನೋಡಿದರು. ಗೋರಿಯ ಮುಂದೆ ಹಣ್ಣು ತಿಂಡಿ ಇಟ್ಟು, ಸತ್ತ ಅಜ್ಜನಿಗೆ ಸಿಗರೇಟು ಕೊಡಬೇಕೋ ಬೇಡವೋ ಅಂತ ಜಗಳ ಆಡುವುದು ಅವರಿಗೆ ತುಂಬ ಹಿಡಿಸಿತು. ನಮ್ಮಲ್ಲೂ ತಿಥಿ ಎಡೆಗೆ ಬೇಕಾದ್ದೆಲ್ಲ ಮಾಡಿಡ್ತೀವಲ್ಲ ಅಂದರು.

ಆಮೇಲೆ ಆ ಜಾಗ ಬಂತು. ಬಿಲ್ಲಿ ಅಮ್ಮನ ಮುಂದೆ ಒಡೆದು ಬೀಳುತ್ತಾಳೆ. ಚಿಕ್ಕವಳಿದ್ದಾಗ ನನ್ನನ್ನು ಇಲ್ಲಿಂದ ಕಿತ್ತುಕೊಂಡು ಹೋದಿರಿ, ಅಲ್ಲಿ ನಾವು ಮೂವರೇ ಇದ್ದೆವು, ಏನಾಗುತ್ತಿದೆ ಅಂತ ನನಗೆ ಯಾರೂ ಹೇಳುತ್ತಿರಲಿಲ್ಲ. ಅಜ್ಜನಿಗೆ ಹುಷಾರಿಲ್ಲ ಅಂತಲೂ ಹೇಳಲಿಲ್ಲ. ನನ್ನ ಪಾಲಿಗೆ ಅಜ್ಜ ಇದ್ದಕ್ಕಿದ್ದ ಹಾಗೆ ಮಾಯವಾದರು. ಹೆಚ್ಚುಕಡಿಮೆ ಈ ಅರ್ಥದ ಮಾತುಗಳು. ಅಣ್ಣ ರಿಮೋಟ್ ತೆಗೆದುಕೊಂಡು ನಿಲ್ಲಿಸಿದ. ದೊಡ್ಡಪ್ಪ ತೀರಿಕೊಂಡಾಗಲೂ ಅವನಿಗೆ ಹೀಗೇ ಆಗಿತ್ತು. ಸೀರಿಯಸ್ ಅಂತ ಮೊದಲೇ ಹೇಳಿರಲಿಲ್ಲ, ವಿಮಾನದಲ್ಲಿ ಬರುವಷ್ಟರಲ್ಲಿ ಮುಗಿದಿತ್ತು.

"ನನಗೆ ಯಾಕೆ ಹೇಳಲಿಲ್ಲ ಅಮ್ಮಾ?"

"ಬಂದು ಏನು ಮಾಡ್ತಿದ್ದೆ?"

"ಏನೂ ಮಾಡ್ತಿರಲಿಲ್ಲ. ಇರ್ತಿದ್ದೆ."

"ನಿನ್ನ ಕೆಲಸ ಹೋಗಿದ್ದು ನೀನು ಹೇಳಿದ್ಯಾ?" ಅಂದರು ದೊಡ್ಡಮ್ಮ. ಅವನು ಉತ್ತರ ಕೊಡಲಿಲ್ಲ. ಇಬ್ಬರೂ ನನ್ನ ಕಡೆ ತಿರುಗಿದರು. ನಿನಗೆ ಎರಡೂ ಗೊತ್ತಿತ್ತಲ್ಲ? ಆಗ ನಾನು ಹೇಳಿದೆ. ಹೌದು, ಎರಡೂ ಗೊತ್ತಿತ್ತು. ಆ ಚಳಿಗಾಲ ನಾನು ನಿದ್ದೆ ಮಾಡಲಿಲ್ಲ. ದೊಡ್ಡಮ್ಮನಿಗೆ ಏನಾದರೂ ಆಗಿದ್ದರೆ ಅಣ್ಣನಿಗೆ ನಾನು ಏನು ಉತ್ತರ ಕೊಡುತ್ತಿದ್ದೆ? ಅಣ್ಣ ಸಾಮಾನು ಕಟ್ಟಿಕೊಂಡು ವಾಪಸ್ ಬಂದಿದ್ದರೆ ದೊಡ್ಡಮ್ಮನ ಮುಖ ಹೇಗೆ ನೋಡುತ್ತಿದ್ದೆ? ಪ್ರೀತಿಯಿಂದ ಮುಚ್ಚಿಟ್ಟಿರಿ, ನನಗೆ ಅನುಮಾನ ಇಲ್ಲ. ಮುಚ್ಚಿಡುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಇನ್ನು ಮೇಲೆ ಮಾಡುವುದಿಲ್ಲ. ಇಬ್ಬರಿಗೂ ಎಲ್ಲವನ್ನೂ ಹೇಳುತ್ತೇನೆ.

ಇಲ್ಲಿ ನಾನು ಆ ಸಿನಿಮಾದಿಂದ ಬೇರೆಯಾಗುತ್ತೇನೆ. ಅದು ಕೊನೆಗೆ ಸುಳ್ಳಿನ ಕಡೆ ವಾಲುತ್ತದೆ. ನಿಜವಾದ ಅಜ್ಜಿ ಆರು ವರ್ಷ ಆದರೂ ಬದುಕಿದ್ದಾರೆ ಅಂತ ತೋರಿಸಿ ಮುಗಿಯುತ್ತದೆ. ನನಗೂ ಸಂತೋಷವಾಯಿತು. ಆದರೆ ಆ ಆರು ವರ್ಷ ತಂಗಿ ಹೇಗೆ ಕಳೆದರು ಅಂತ ಯಾರೂ ಕೇಳಲಿಲ್ಲ. ಒಬ್ಬರ ನೆಮ್ಮದಿಗೆ ಇನ್ನೊಬ್ಬರ ನೆಮ್ಮದಿ ಖರ್ಚಾಗುತ್ತದೆ. ಆ ಲೆಕ್ಕವೂ ಮನೆಯದ್ದೇ.

ಈಚೆಗೆ ದೊಡ್ಡಮ್ಮನ ಕಣ್ಣಿನ ಪೊರೆಯ ಆಪರೇಷನ್‌ಗೆ ದಿನ ಗೊತ್ತಾಯಿತು. ಡಾಕ್ಟರ ಚೀಟಿಯ ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಆ ಕ್ಷಣವೇ ಹಾಕಿದೆ. ದೊಡ್ಡಮ್ಮ ಅವತ್ತು ನನ್ನ ಹತ್ತಿರ ಮಾತಾಡಲಿಲ್ಲ. ಅಣ್ಣನಿಗೆ ಬರಲು ಆಗಲಿಲ್ಲ, ರಜೆ ಇರಲಿಲ್ಲ. ಅಲ್ಲಿ ಮಧ್ಯರಾತ್ರಿ ಎದ್ದು ಕೂತು, ನಾನು ಹಿಡಿದ ಫೋನಿನಿಂದಲೇ ಡಾಕ್ಟರ ಹತ್ತಿರ ಮಾತಾಡಿದ. ಎರಡು ಪ್ರಶ್ನೆ ಕೇಳಿದ. ಅಮ್ಮ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ, ಅದನ್ನು ನಿಲ್ಲಿಸಬೇಕಾ ಎಂಬುದು ಒಂದು. ಅದು ನನಗೆ ಹೊಳೆದೇ ಇರಲಿಲ್ಲ.